ನಲವತ್ತೊಂದನೆಯ ಕನಸು

ವಿಶ್ವವಿದ್ಯಾಲಯದ ಹಿಂಬಾಗಿಲಿನ ಎದುರಿಗೆ, ಕಾಗದ ಪೆನ್ನು ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಕ್ಕ ಮೂವತ್ತೊಂದು ವರ್ಷದಿಂದ ಕೂತಿದ್ದಾಳೆ. ಕೋಣೆಗೆ ಇರುವುದು ಒಂದೇ ಕಿಟಕಿ. ಕಿಟಕಿಯಾಚೆ ದೊಡ್ಡ ಮರ, ಮರದಾಚೆ ಗ್ರಂಥಾಲಯದ ಹಳದಿ ಗೋಡೆ. ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಬಿಸಿಲು ಎಲೆಗಳ ಸಂದಿಯಿಂದ ಒಳಗೆ ಇಳಿದು ಮೇಜಿನ ಮೇಲೆ, ಅವಳ ಮುಂಗೈಗಳ ಮೇಲೆ ಮೆಲ್ಲಗೆ ಅಲ್ಲಾಡತೊಡಗುತ್ತದೆ. ಆ ಹೊತ್ತಿನಲ್ಲಿ ಅವಳು ಟೈಪ್ ಮಾಡುತ್ತಿದ್ದಾಳೋ ನಿದ್ದೆ ಮಾಡುತ್ತಿದ್ದಾಳೋ ಹೇಳುವುದು ಕಷ್ಟ. ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಕೀಲಿಗಳ ಮೇಲೆ, ಮನಸ್ಸು ಇನ್ನೆಲ್ಲೋ.

“ಕಣ್ಣಿಂದ ಒಳಗೆ ಹೋಗುತ್ತೆ, ಬೆರಳಿಂದ ಹೊರಗೆ ಬರುತ್ತೆ. ನಡುವೆ ನಾನಿಲ್ಲ” ಎನ್ನುವುದು ಅವಳ ಮಾತು.

ಅವಳು ಟೈಪ್ ಮಾಡದ ವಿಷಯವಿಲ್ಲ. ಜೇನುಹುಳು ದಾರಿ ಹುಡುಕುವ ಬಗೆ, ಸಿಮೆಂಟಿನಲ್ಲಿ ಬಿರುಕು ಬಿಡುವ ಬಗೆ, ತೆರಿಗೆಯ ಇತಿಹಾಸ, ಕಿವುಡ ಮಕ್ಕಳ ಶಾಲೆ, ಯಾವುದೋ ಪಾಚಿಯ ಹನ್ನೊಂದು ಜಾತಿಗಳು. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳ ಬೆರಳ ತುದಿಯಿಂದ ನೂರಾರು ಡಾಕ್ಟರೇಟುಗಳು ಹೊರಬಿದ್ದು ಹೋಗಿವೆ. ಒಂದೂ ತಲೆಯಲ್ಲಿ ಉಳಿದಿಲ್ಲ. ನೆನಪಿರುವುದು ಎಂದರೆ ಪ್ರತಿ ಪ್ರಬಂಧದ ಮೊದಲಿಗೆ ಬರುವ ಆ ಒಂದು ಪುಟ: ‘ಈ ಪ್ರಬಂಧವು ನನ್ನ ಸ್ವಂತ ಸಂಶೋಧನೆಯ ಫಲ. ಬೇರೆಯವರ ಬರಹದಿಂದ ಪಡೆದುದನ್ನು ಆಯಾ ಸ್ಥಳದಲ್ಲಿ ಸೂಚಿಸಲಾಗಿದೆ.’ ಅದನ್ನು ಅವಳು ಕಣ್ಣು ಮುಚ್ಚಿಕೊಂಡೂ ಟೈಪ್ ಮಾಡಬಲ್ಲಳು.

ಕೋಣೆಯ ಇನ್ನೊಂದು ಮೂಲೆ ಅವಳ ಗಂಡನದು. ಎಲ್ಲರೂ ಅವನನ್ನು ಬೈಂಡರು ಎಂದೇ ಕರೆಯುತ್ತಾರೆ. ಸೂಜಿ, ದಾರ, ಅಂಟಿನ ಡಬ್ಬ, ಹಾಳೆ ಕತ್ತರಿಸುವ ಯಂತ್ರ, ರೆಕ್ಸಿನ್ನಿನ ಸುರುಳಿಗಳು. ಹೆಂಡತಿ ಎಡಗಡೆ ಒಂದೂವರೆ ಇಂಚು ಬಿಟ್ಟು ಟೈಪ್ ಮಾಡಿದ ಹಾಳೆಗಳನ್ನು ಅವನು ಹೊಲಿದು, ರಟ್ಟು ಹಾಕಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತುತ್ತಾನೆ. “ಅಡುಗೆ ಅವಳದು, ಮುಚ್ಚಳ ನಂದು. ಒಳಗೆ ಏನು ಬೆಂದಿದೆಯೋ ಇಬ್ಬರಿಗೂ ಗೊತ್ತಿಲ್ಲ” ಎಂದು ಬಂದವರನ್ನೆಲ್ಲ ನಗಿಸುತ್ತಾನೆ.

ಇಪ್ಪತ್ತಮೂರು ವರ್ಷಗಳ ಹಿಂದೆ ಒಬ್ಬ ಸಂಶೋಧಕಿ ಆ ಮೆಟ್ಟಿಲು ಹತ್ತಿ ಬಂದರು. ಎತ್ತರದ ನಿಲುವು, ಕಡಿಮೆ ಮಾತು. ಊರಿನ ನೂಲಿನ ಗಿರಣಿಯಲ್ಲಿ ದುಡಿಯುವ ಹೆಂಗಸರು ನಿದ್ದೆಯಲ್ಲಿ ಏನು ಕಾಣುತ್ತಾರೆ ಎಂಬುದು ಅವರ ಪ್ರಬಂಧದ ವಿಷಯ. ಎರಡು ವರ್ಷ ಗಿರಣಿಯ ಗೇಟಿನ ಬಳಿ, ನಲ್ಲಿಯ ಬಳಿ, ಹೊಸ್ತಿಲುಗಳ ಮೇಲೆ ಕೂತು ಅರವತ್ತು ಹೆಂಗಸರಿಂದ ಅರವತ್ತು ಕನಸುಗಳನ್ನು ಬರೆದುಕೊಂಡಿದ್ದರು. ಬೈಂಡರು ಮೊದಲ ದಿನವೇ ಅವರಿಗೆ ‘ಕನಸಿನ ಮೇಡಂ’ ಎಂದು ಹೆಸರಿಟ್ಟ.

“ಕನಸಿಗೂ ಡಾಕ್ಟರ್ ಪದವಿ ಕೊಡ್ತಾರಾ ಮೇಡಂ? ಹಾಗಾದ್ರೆ ನಮ್ಮಾಕೆಗೆ ಇಷ್ಟೊತ್ತಿಗೆ ಮೂರು ಸಿಗ್ಬೇಕಿತ್ತು. ಕೂತಲ್ಲೇ ಕಾಣ್ತಾಳೆ.”

ಆ ಪ್ರಬಂಧ ಮಾತ್ರ ಟೈಪಕ್ಕನ ಒಳಗೆ ನಿಂತಿತು. ಒಬ್ಬಳು ಕನಸಿನಲ್ಲಿ ಮನೆಯ ಬೀಗದ ಕೈಯನ್ನು ನೂಲಿನ ಉಂಡೆಯೊಳಗೆ ಸುತ್ತಿಟ್ಟು ಬಿಚ್ಚುತ್ತಲೇ ಇದ್ದಳು. ಇನ್ನೊಬ್ಬಳ ಕನಸಿನಲ್ಲಿ ಗಿರಣಿಯ ಯಂತ್ರಗಳೆಲ್ಲ ಒಮ್ಮೆಲೇ ನಿಂತು, ಆ ನಿಶ್ಶಬ್ದದಲ್ಲಿ ಎಲ್ಲರಿಗೂ ತಮ್ಮ ತಮ್ಮ ಹೆಸರು ಮರೆತುಹೋಗಿತ್ತು. ಟೈಪ್ ಮಾಡುತ್ತ ಮಾಡುತ್ತ ಟೈಪಕ್ಕ ನಿಲ್ಲಿಸುವಳು. ಮರದ ಕಡೆ ನೋಡುವಳು. ಕಣ್ಣಿಗೂ ಬೆರಳಿಗೂ ನಡುವೆ ಮೊದಲ ಸಲ ತಾನೂ ಇದ್ದೇನೆ ಎನ್ನಿಸುತ್ತಿತ್ತು.

ಪ್ರಬಂಧ ಒಪ್ಪಿಸಲು ಸೋಮವಾರ ಕೊನೆಯ ದಿನವಿತ್ತು. ಗುರುವಾರ ಬೆಳಿಗ್ಗೆ ಮೇಡಂ ಓಡುತ್ತ ಬಂದರು. ದೂರದ ಊರಿನಲ್ಲಿ ಅವರ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು.

“ಅಕ್ಕಾ, ನಾನು ಅಮ್ಮನ ಹತ್ರ ಹೋಗ್ಲೇಬೇಕು. ಸೋಮವಾರ ಬಂದು ಸಹಿ ಹಾಕಿ ಒಪ್ಪಿಸ್ತೀನಿ. ತಿದ್ದೋಕೆ ಸಮಯ ಇರಲ್ಲ. ಎಲ್ಲಾ ನಿಮ್ಮ ಕೈಲಿ ಬಿಟ್ಟಿದ್ದೀನಿ.”

“ನೀವು ನೆಮ್ಮದಿಯಾಗಿ ಹೋಗಿಬನ್ನಿ ಮೇಡಂ. ಒಂದಕ್ಷರ ಆಚೀಚೆ ಆಗಲ್ಲ” ಎಂದಳು ಟೈಪಕ್ಕ.

ಶನಿವಾರ ಮಧ್ಯಾಹ್ನ ನಲವತ್ತನೆಯ ಕನಸು ಮುಗಿಯಿತು. ಮೂರು ಕಾರ್ಬನ್ ಹಾಳೆ, ನಾಲ್ಕು ಪ್ರತಿ. ಕೀಲಿಯನ್ನು ಸ್ವಲ್ಪ ಜೋರಾಗಿಯೇ ಕುಟ್ಟಬೇಕು. ಮೂರು ರಾತ್ರಿ ಅರೆನಿದ್ದೆ ಮಾಡಿದ್ದಳು. ಬಿಸಿಲು ಮುಂಗೈ ಮೇಲೆ ಅಲ್ಲಾಡುತ್ತಿತ್ತು. ಯಂತ್ರದ ಗಂಟೆ ಟಿಣ್ ಎಂದದ್ದು ದೂರದಿಂದ ಕೇಳಿಸಿದಂತಾಯಿತು. ಒಂದು ಕ್ಷಣ ಕಣ್ಣು ಮುಚ್ಚಿದಳೋ ಏನೋ. ಮೊಣಕೈ ತಗುಲಿ ಚಹಾದ ಲೋಟ ಉರುಳಿತು.

ಕಣ್ಣು ಬಿಟ್ಟಾಗ ಹಸ್ತಪ್ರತಿಯ ಮೇಲಿನ ಹಾಳೆಯಲ್ಲಿ ಶಾಯಿ ಕದಡಿ ನೀಲಿ ಮೋಡಗಳಾಗಿ ಹರಡುತ್ತಿತ್ತು. ಅವಳು ಸೆರಗಿನಿಂದ ಒತ್ತಿದಳು. ಉಳಿದಿದ್ದ ಅಕ್ಷರಗಳೂ ಸೆರಗಿಗೆ ಬಂದವು. ತಲೆಬರಹವೊಂದು ಓದುವಂತಿತ್ತು: ‘ಕನಸು ನಲವತ್ತೊಂದು. ಹೇಳಿದವರು: ನೂಲು ಸುತ್ತುವ ವಿಭಾಗ, ವಯಸ್ಸು ಐವತ್ತೆರಡು.’ ಅದರ ಕೆಳಗೆ ‘ಮೆಟ್ಟಿಲು’ ಎಂಬ ಒಂದು ಮಾತು. ಉಳಿದದ್ದೆಲ್ಲ ನೀಲಿ.

ಬೈಂಡರು ರೆಕ್ಸಿನ್ ತರಲು ಪೇಟೆಗೆ ಹೋಗಿದ್ದ. ಮೇಡಂಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಒಂದು ಕನಸು ಬಿಟ್ಟರೆ ಲೆಕ್ಕ ಐವತ್ತೊಂಬತ್ತಾಗುತ್ತದೆ, ಆಗಲೇ ಟೈಪಾಗಿದ್ದ ಮುನ್ನುಡಿಯಲ್ಲಿ ಅರವತ್ತು ಎಂದಿದೆ. ಟೈಪಕ್ಕ ಒದ್ದೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೆಟ್ಟಿಲು, ಮೆಟ್ಟಿಲು ಎಂದುಕೊಂಡಳು. ಅವಳಿಗೂ ಒಂದು ಮೆಟ್ಟಿಲಿನ ಕನಸು ಬೀಳುತ್ತಿತ್ತು, ಗಂಡನಿಗೂ ಹೇಳಿರಲಿಲ್ಲ. ನಾಲ್ಕು ಹಾಳೆ, ಮೂರು ಕಾರ್ಬನ್ ಜೋಡಿಸಿ ಯಂತ್ರಕ್ಕೆ ಸುತ್ತಿದಳು. ಬೆರಳುಗಳು ತಾವಾಗಿ ಹೊರಟವು.

‘ಮೆಟ್ಟಿಲು ಇಳಿಯುತ್ತಿದ್ದೇನೆ. ಕೆಳಗೆ ನೀರಿದೆ. ನೀರಿನಲ್ಲಿ ಅಮ್ಮ ಬಟ್ಟೆ ಹಿಂಡುತ್ತ ನಿಂತಿದ್ದಾಳೆ. ಒಂದು ಕಡೆ ಹಿಡಿದುಕೊಳ್ಳೇ, ಹಿಂಡೋಣ ಎನ್ನುತ್ತಾಳೆ. ಹಿಡಿಯಲು ಹೋದರೆ ನನಗೆ ಕೈಗಳಿಲ್ಲ. ಮೇಲೆ ಬಿಟ್ಟು ಬಂದಿದ್ದೇನೆ. ಅವು ಅಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಸದ್ದು ಕೇಳುತ್ತಿದೆ.’

ಅದು ನೂರ ಅರವತ್ತಮೂರನೆಯ ಪುಟವಾಯಿತು. ಸೋಮವಾರ ಮೇಡಂ ಕೆಂಪಾದ ಕಣ್ಣುಗಳೊಡನೆ ಬಂದರು, ಓದದೆ ಸಹಿ ಹಾಕಿದರು, ನಾಲ್ಕು ಪ್ರತಿ ಎದೆಗೆ ಅವಚಿಕೊಂಡು ಇಳಿದುಹೋದರು. ನೀಲಿ ಹಾಳೆಯನ್ನು ಟೈಪಕ್ಕ ಒಲೆಗೆ ಹಾಕಿದ್ದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮೇಡಂ ಸಿಹಿಯ ಪೆಟ್ಟಿಗೆ ಹಿಡಿದು ಬಂದರು. ಮೌಖಿಕ ಪರೀಕ್ಷೆ ಮುಗಿದು ಪದವಿ ಸಿಕ್ಕಿತ್ತು. ಬೈಂಡರು ಒಂದು ಸಿಹಿ ಬಾಯಿಗಿಟ್ಟುಕೊಂಡು ಇನ್ನೊಂದನ್ನು ಕಿವಿಗೆ ಸಿಕ್ಕಿಸಿಕೊಳ್ಳುವವನಂತೆ ನಟಿಸಿದ. ಮೇಡಂ ನಗಲಿಲ್ಲ.

“ಪರೀಕ್ಷಕರು ಒಂದು ಕನಸನ್ನ ಗಟ್ಟಿಯಾಗಿ ಓದಿದ್ರು ಅಕ್ಕಾ. ನಲವತ್ತೊಂದನೇದು. ಕೈಗಳಿಲ್ಲದ್ದು” ಎಂದರು, ಕಿಟಕಿಯ ಕಡೆ ನೋಡುತ್ತ.

“ಹೌದಾ ಮೇಡಂ?” ಎಂದಳು ಟೈಪಕ್ಕ, ಅವಳೂ ಕಿಟಕಿಯ ಕಡೆಯೇ ನೋಡುತ್ತ.

ಅಷ್ಟೇ ಮಾತು. ಮೇಡಂಗೆ ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸವಾಯಿತು. ಬೀದಿಯಲ್ಲಿ ಹೋಗುವಾಗ ಕೆಳಗಿನಿಂದಲೇ ಕೈ ಎತ್ತುತ್ತಿದ್ದರು. ಮೆಟ್ಟಿಲು ಮಾತ್ರ ಮತ್ತೆ ಹತ್ತಲಿಲ್ಲ.

ವರ್ಷಗಳು ಒಂದರ ಮೇಲೊಂದು ಹಾಳೆಯ ಹಾಗೆ ಬಿದ್ದವು. ಗಿರಣಿ ಮುಚ್ಚಿತು. ಟೈಪ್ ಯಂತ್ರದ ಮೇಲೆ ಬಟ್ಟೆ ಬಿತ್ತು, ಅದರ ಪಕ್ಕದಲ್ಲಿ ಕಂಪ್ಯೂಟರ್ ಬಂತು. ಮಗಳು ನರ್ಸಾಗಿ ಬೇರೆ ಊರಿಗೆ ಹೋದಳು. ಟೈಪಕ್ಕನ ಕೂದಲು ಕಿವಿಯ ಬಳಿಯಿಂದ ಬೆಳ್ಳಗಾಗುತ್ತ ಬಂತು. ಮೆಟ್ಟಿಲಿನ ಕನಸು ಆ ಶನಿವಾರದಿಂದ ಈಚೆಗೆ ಅವಳಿಗೆ ಒಮ್ಮೆಯೂ ಬೀಳಲಿಲ್ಲ. ಬೇರೆಯವರ ಪ್ರಬಂಧದಲ್ಲಿ ಇಟ್ಟುಬಂದ ಮೇಲೆ ಅದು ತನ್ನನ್ನು ಬಿಟ್ಟೇಹೋಯಿತೇನೋ ಎಂದುಕೊಂಡಿದ್ದಳು.

ಹೋದ ವರ್ಷ ಗುಂಗುರು ಕೂದಲಿನ ಒಬ್ಬ ಹುಡುಗಿ ಬಂದಳು. ಮುಚ್ಚಿದ ಗಿರಣಿಯ ಹೆಂಗಸರು ಈಗ ಕಾಣುವ ಕನಸುಗಳು ಎಂಬುದು ಅವಳ ವಿಷಯ. ಅಧ್ಯಾಯಗಳನ್ನೆಲ್ಲ ತಾನೇ ಕಂಪ್ಯೂಟರಿನಲ್ಲಿ ಬರೆದಿದ್ದಳು; ಕನಸುಗಳು ಮಾತ್ರ ಕೈಬರಹದಲ್ಲಿದ್ದವು. ಕೃತಿಚೌರ್ಯ ತಪಾಸಣೆಯ ಪತ್ರವನ್ನೂ ತಂದಿದ್ದಳು.

“ನೋಡಿ ಅಕ್ಕಾ, ಅಧ್ಯಾಯಗಳನ್ನೆಲ್ಲಾ ಯಂತ್ರಕ್ಕೆ ಕೊಟ್ಟೆ. ಬೇರೆಯವರ ಬರಹದ ಜೊತೆ ಹೋಲಿಕೆ ಬರೀ ಆರು ಪರ್ಸೆಂಟ್. ಹತ್ತರೊಳಗೆ ಬಂದ್ರೆ ಪಾಸು. ನೀವು ಕನಸು ಸೇರಿಸಿಬಿಟ್ರೆ ಮುಗೀತು.”

“ಭೇಷ್ ಮಗಳೇ” ಎಂದ ಬೈಂಡರು. “ನಾನಂತೂ ನಮ್ಮಪ್ಪನ ಜೊತೆ ಎಂಬತ್ತು ಪರ್ಸೆಂಟ್ ಹೋಲ್ತೀನಿ. ಫೇಲು.”

ಮಧ್ಯಾಹ್ನ ಟೈಪಕ್ಕ ಕನಸುಗಳನ್ನು ಟೈಪ್ ಮಾಡಲು ಕೂತಳು. ಬಿಸಿಲು ಬಂತು. ಕೀಲಿಗಳೀಗ ಮೆತ್ತಗೆ, ಮಳೆಹನಿ ಎಲೆಯ ಮೇಲೆ ಬಿದ್ದಷ್ಟೇ ಸದ್ದು. ಕಣ್ಣು ಭಾರವಾಯಿತು. ‘ಹೇಳಿದವರು: ವಯಸ್ಸು ಎಂಬತ್ತು. ಮೆಟ್ಟಿಲು ಇಳಿಯುತ್ತಿದ್ದೇನೆ’ ಎಂದು ಓದಿದಳು. ‘ಕೆಳಗೆ ನೀರಿದೆ.’ ಅವಳ ಕಣ್ಣು ಇನ್ನೂ ನೀರಿನ ಹತ್ತಿರವೇ ಇತ್ತು. ಬೆರಳುಗಳು ಮುಂದೆ ಹೋಗಿದ್ದವು. ತಲೆ ಎತ್ತಿ ಪರದೆ ನೋಡಿದರೆ ಅಲ್ಲಿ ಅಮ್ಮ, ಒದ್ದೆ ಬಟ್ಟೆ, ಮೇಲೆ ಉಳಿದ ಕೈಗಳು, ಎಲ್ಲವೂ ಇದ್ದವು. ಹುಡುಗಿಯ ಹಾಳೆಯಲ್ಲಿ ಆ ಸಾಲುಗಳನ್ನು ಅವಳು ಇನ್ನೂ ಓದಿಯೇ ಇರಲಿಲ್ಲ.

ಮೆಲ್ಲಗೆ ಬೆರಳಿಟ್ಟು ಒಂದೊಂದೇ ಮಾತು ಹೋಲಿಸಿದಳು. ‘ಸದ್ದು ಕೇಳುತ್ತಿದೆ’ ಎಂಬುದು ‘ಶಬ್ದ ಕೇಳಿಸುತ್ತದೆ’ ಎಂದಾಗಿತ್ತು. ಉಳಿದದ್ದು ಹಾಗೇ ಇತ್ತು. ಬಹಳ ದಿನದ ಮೇಲೆ ಯಾರೋ ತನ್ನದೇ ಸೀರೆ ಉಟ್ಟುಕೊಂಡು ಬೀದಿಯಲ್ಲಿ ಹೋಗುತ್ತಿರುವುದನ್ನು ಕಂಡ ಹಾಗಾಯಿತು. ಗ್ರಂಥಾಲಯದ ಕಪಾಟಿನಲ್ಲಿರುವ ಮೇಡಂ ಪ್ರಬಂಧ ಟೈಪ್ ಯಂತ್ರದ ಕಾಲದ್ದು; ಕಂಪ್ಯೂಟರುಗಳು ಅದನ್ನು ಕಂಡಿರಲೇ ಇಲ್ಲ. ಕನಸುಗಳನ್ನೂ ಯಂತ್ರಕ್ಕೆ ಕೊಟ್ಟಿದ್ದರೂ ಅದು ಆರು ಪರ್ಸೆಂಟ್ ಎಂದೇ ಹೇಳುತ್ತಿತ್ತು.

“ರೀ” ಎಂದಳು.

ಬೈಂಡರು ಸೂಜಿಗೆ ದಾರ ಪೋಣಿಸುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು: ಚೆಲ್ಲಿದ ಚಹಾ, ನೀಲಿ ಹಾಳೆ, ಒಲೆ, ತನ್ನ ಕನಸು. ಅವನು ದಾರ ಪೋಣಿಸುವುದನ್ನು ನಿಲ್ಲಿಸಿ ಅವಳ ಪಕ್ಕದಲ್ಲಿ ಬಂದು ಕೂತ. ಆ ದಿನ ಅವನಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ.

“ಆ ಕನಸು ನಂಗೆ ಯಾಕೆ ಹೇಳ್ಲಿಲ್ಲ ನೀನು?” ಎಂದಷ್ಟೇ ಕೇಳಿದ.

ಮರುದಿನ ಹುಡುಗಿ ಬಂದಾಗ ಟೈಪಕ್ಕ ಆ ಹಾಳೆಯನ್ನು ಮುಂದಿಟ್ಟಳು.

“ಈ ಕನಸು ಯಾರು ಹೇಳಿದ್ದು ಮಗೂ?”

“ಒಬ್ಬ ಅಜ್ಜಿ. ಹೇಳ್ತಾ ಹೇಳ್ತಾ ಅತ್ತೇಬಿಟ್ರು ಪಾಪ.”

“ಎಂಬತ್ತು ವರ್ಷದವರಾ?”

“ಹೌದು ಅಕ್ಕಾ. ಕಣ್ಣು ಸರಿ ಕಾಣಲ್ಲ ಅವರಿಗೆ. ಯಾಕೆ?”

“ಹೇಳಿದೋಳಿಗೆ ಎಂಬತ್ತಲ್ಲ, ಐವತ್ತೊಂದು. ಕಣ್ಣು ಚೆನ್ನಾಗೇ ಕಾಣುತ್ತೆ. ನಿನ್ನ ಮುಂದೇನೇ ಕೂತಿದ್ದಾಳೆ.”

ಹುಡುಗಿ ನಕ್ಕಳು. ಆಮೇಲೆ ಟೈಪಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. ಅದೇ ಕನಸನ್ನು ಟೈಪಕ್ಕ ಹಾಳೆ ನೋಡದೆ ಹೇಳಿದಳು. ಹಾಳೆಯಲ್ಲಿ ಇಲ್ಲದ್ದನ್ನೂ ಹೇಳಿದಳು. ಅಮ್ಮ ಹಿಂಡುತ್ತಿದ್ದದ್ದು ಹಸಿರು ಸೀರೆ, ನೀರು ಮೊಣಕಾಲಿನವರೆಗೆ ಇತ್ತು, ಬಚ್ಚಲಿನ ಸೋಪಿನ ವಾಸನೆ ಬರುತ್ತಿತ್ತು. ಅದು ಹಳೆಯ ಪ್ರಬಂಧದೊಳಗೆ ಹೇಗೆ ಸೇರಿತೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಹುಡುಗಿಯ ಕಿವಿಗಳು ಕೆಂಪಾದವು. “ಗಿರಣಿಯವರು ಎಲ್ಲಿದ್ದಾರೆ ಅಕ್ಕಾ? ಅರ್ಧ ಜನ ಊರು ಬಿಟ್ಟಿದ್ದಾರೆ, ಕಾಲು ಜನ ಸತ್ತಿದ್ದಾರೆ. ನಲವತ್ನಾಲ್ಕು ಸಿಕ್ತು. ಐವತ್ತು ಇರ್ಬೇಕು ಅಂದ್ರು ಗೈಡು. ಆ ಹಳೇ ಪ್ರಬಂಧದಿಂದ ಆರೇ ಆರು ತಗೊಂಡೆ. ಯಾರ ಹೆಸರೂ ಇರ್ಲಿಲ್ಲ ಅದ್ರಲ್ಲಿ. ಕನಸಿಗೆಲ್ಲಾ ಹಕ್ಕುಪತ್ರ ಇರುತ್ತಾ?”

“ಹೆಸರು ಇಲ್ದಿದ್ರೂ ಕಂಡೋರು ಒಬ್ರು ಇರ್ತಾರಲ್ಲ.”

“ನೀವು ಹೇಳ್ತೀರಾ ಇದನ್ನ! ಗಿರಣಿಯವಳ ಮಾತು ತೆಗೆದು ನಿಮ್ಮದು ತುರುಕಿದ್ರಿ. ನೀವೂ ಕದ್ದವರೇ ಅಲ್ವಾ?”

“ಹೌದಮ್ಮ. ನೀನು ಕನಸು ಕದ್ದೆ, ನಾನು ಜಾಗ ಕದ್ದೆ. ಜಾಸ್ತಿ ಯಾವುದೋ ನಂಗೆ ಗೊತ್ತಿಲ್ಲ. ನಾನು ಮೇಡಂ ಹತ್ರ ಹೋಗಿ ಹೇಳ್ತೀನಿ. ನಿನ್ನ ವಿಷಯ ಎತ್ತಲ್ಲ. ಅದು ನೀನು ಹೇಳ್ಬೇಕಾದ್ದು.”

ಹುಡುಗಿ ಹಾಳೆಗಳನ್ನು ಬಾಚಿಕೊಂಡು ದಡದಡನೆ ಇಳಿದುಹೋದಳು.

ಕನಸಿನ ಮೇಡಂ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಇಷ್ಟು ವರ್ಷ ಎದುರಿನಲ್ಲೇ ಇದ್ದರೂ ಟೈಪಕ್ಕ ಆ ಕಟ್ಟಡದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಮೊಗಸಾಲೆಯಲ್ಲಿ ಅವಳ ಚಪ್ಪಲಿಯ ಸದ್ದು ಅವಳಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿರುವಂತೆ ಕೇಳಿಸುತ್ತಿತ್ತು. ಬಾಗಿಲುಗಳೆಲ್ಲ ಒಂದೇ ಬಣ್ಣ. ತಾನು ಎಚ್ಚರವಾಗಿದ್ದೇನೆ ತಾನೇ ಎಂದು ಗೋಡೆ ಮುಟ್ಟಿ ನೋಡಿಕೊಂಡಳು, ಗೋಡೆ ತಣ್ಣಗಿತ್ತು.

ಮೇಡಂ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಅವರ ಕೂದಲೂ ಬೆಳ್ಳಗಾಗಿತ್ತು.

“ಮೇಡಂ, ನಿಮ್ಮ ಪ್ರಬಂಧದಲ್ಲಿ ಒಂದು ಪುಟ ನಿಮ್ದಲ್ಲ” ಎಂದಳು ಟೈಪಕ್ಕ, ಕೂರುವ ಮೊದಲೇ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ನೂರ ಅರವತ್ತಮೂರು.”

“ನಿಮಗೆ ಗೊತ್ತಿತ್ತಾ?”

“ಪರೀಕ್ಷಕರು ಓದೋಕೆ ಶುರು ಮಾಡಿದಾಗ ಗೊತ್ತಾಯ್ತು. ನಾನು ಬರ್ಕೊಂಡಿದ್ದು ಅದಲ್ಲ. ಎದುರಿಗೆ ನಾಲ್ಕು ಜನ ಕೂತಿದ್ರು. ಹೇಳಿದಾಕೆಯ ಮುಖ ಹೇಗಿತ್ತು ಅಂತ ಕೇಳಿದ್ರು. ಶಾಂತವಾಗಿತ್ತು ಅಂದೆ.” ಮೇಡಂ ತಮ್ಮ ಅಂಗೈ ನೋಡಿಕೊಂಡರು. “ಒಂದೇ ಮಾತು. ಅದಾದ ಮೇಲೆ ಎಲ್ಲರೂ ಎದ್ದು ಕೈ ಕುಲುಕಿದ್ರು.”

“ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಮೇಡಂ.”

“ಕೇಳೋಕೇ ಬಂದಿದ್ದೆ ಅವತ್ತು, ಸಿಹಿ ತಗೊಂಡು. ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ. ಹೇಳಿದ ಮೇಲೆ ನಾನು ಏನಾದ್ರೂ ಮಾಡ್ಬೇಕಾಗ್ತಿತ್ತು.”

ಕಿಟಕಿಯಿಂದ ಮರ ಕಾಣುತ್ತಿತ್ತು, ಮರದಾಚೆ ಟೈಪಕ್ಕನ ಕೋಣೆಯ ಕಿಟಕಿ. ಇಲ್ಲಿಂದ ನೋಡಿದರೆ ಅದು ಬೆಂಕಿಪೆಟ್ಟಿಗೆಯಷ್ಟು. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಮರದ ಎರಡು ಬದಿಯಲ್ಲಿ ಕೂತು ಒಂದೇ ವಿಷಯವನ್ನು ಬಾಯಿಬಿಡದೆ ಕಾದಿದ್ದರು.

“ಯಾರ ಕನಸು ಅಕ್ಕಾ ಅದು?”

“ನಂದೇ.”

“ಹಾಗೇ ಅಂದ್ಕೊಂಡಿದ್ದೆ” ಎಂದರು ಮೇಡಂ. ಎದ್ದು ಬೀರುವಿನ ಕೆಳಗಿನ ಅರೆಯಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದರು. ಅಂಚು ಹಳದಿಯಾಗಿತ್ತು. ನಲವತ್ತೊಂದನೆಯ ಕನಸು ಅದರಲ್ಲಿ ಪೆನ್ಸಿಲಿನಲ್ಲಿತ್ತು, ಗಿರಣಿಯ ಗೇಟಿನಲ್ಲಿ ನಿಂತುಕೊಂಡೇ ಬರೆದದ್ದು. ಟೈಪಕ್ಕ ಓದಿದಳು.

‘ಗಿರಣಿ ಮೆಟ್ಟಿಲು ಗುಡಿಸ್ತಾ ಇದ್ದೆ. ಗುಡಿಸಿದಷ್ಟೂ ಮೆಟ್ಟಿಲು ಹೆಚ್ಚಾಗ್ತಾ ಹೋದ್ವು. ಸಾಕಾಗಿ ಒಂದು ಮೆಟ್ಟಿಲ ಮೇಲೆ ಮಲಗಿಬಿಟ್ಟೆ. ಕನಸಿನೊಳಗೇ ನಿದ್ದೆ ಬಂತು. ಅಂಥ ನಿದ್ದೆ ಮನೇಲಿ ಯಾವತ್ತೂ ಬಂದಿಲ್ಲ.’

ಅವಳಿಗೆ ಕಣ್ಣು ತುಂಬಿ ಬಂತು. ಗುರುತಿಲ್ಲದ ಒಬ್ಬ ಹೆಂಗಸಿನ ಆ ನಿದ್ದೆಯನ್ನು ತಾನು ಒಲೆಗೆ ಹಾಕಿ ಸುಟ್ಟಿದ್ದೆ ಎಂದು ಇಷ್ಟು ದಿನ ತಿಳಿದಿದ್ದಳು. ಅದು ಬೀರುವಿನ ಕತ್ತಲೆಯಲ್ಲಿ ಹಾಗೇ ಮಲಗಿತ್ತು.

“ನಂದಕ್ಕಿಂತ ಇದೇ ಚೆನ್ನಾಗಿದೆ ಮೇಡಂ.”

“ಚೆನ್ನಾಗಿದೆಯೋ ಇಲ್ವೋ. ಆಕೆ ಹೇಳಿದ್ದು ಇದು.”

ಮೇಡಂ ಅದೇ ವಾರ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಚಹಾ ಚೆಲ್ಲಿದ್ದನ್ನು ಬರೆಯಲಿಲ್ಲ. ಪುಟವನ್ನು ಓದದೆ ಸಹಿ ಮಾಡಿದೆ, ತಿಳಿದ ಮೇಲೂ ಮುಚ್ಚಿಟ್ಟೆ ಎಂದಷ್ಟೇ ಬರೆದರು. ಟೈಪಕ್ಕ ಒಪ್ಪಲಿಲ್ಲ. ತನ್ನದೂ ಒಂದು ಪತ್ರ ಟೈಪ್ ಮಾಡಿ, ಕೆಳಗೆ ಸಹಿ ಹಾಕಿ, ತಾನೇ ಹೋಗಿ ಕಚೇರಿಯಲ್ಲಿ ಕೊಟ್ಟು ಬಂದಳು. ಸಮಿತಿ ಕೂತಿತು, ಎದ್ದಿತು, ಮತ್ತೆ ಕೂತಿತು. ಪದವಿಯನ್ನು ಕಿತ್ತುಕೊಳ್ಳಲಿಲ್ಲ. ಆದರೆ ವಿಭಾಗದ ಮುಖ್ಯಸ್ಥರಾಗುವ ಸರದಿ ಮೇಡಂದಾಗಿತ್ತು. ಅದು ಇನ್ನೊಬ್ಬರಿಗೆ ಹೋಯಿತು. ಗ್ರಂಥಾಲಯದ ಪ್ರತಿಯಲ್ಲಿ ತಿದ್ದುಪಡಿಯ ಚೀಟಿ ಅಂಟಿಸಬೇಕೆಂದು ಆಜ್ಞೆಯಾಯಿತು. ಟೈಪಕ್ಕ ಟೈಪ್ ಮಾಡಿದಳು, ಬೈಂಡರು ಅಂಟು ಹಚ್ಚಿ ನೂರ ಅರವತ್ತಮೂರನೆಯ ಪುಟದ ಅಂಚಿಗೆ ನಾಜೂಕಾಗಿ ಕೂರಿಸಿದ. ಗ್ರಂಥಪಾಲಕರ ಎದುರಿಗೆ ಅವನ ಬಾಯಿ ಮತ್ತೆ ಶುರುವಾಯಿತು: “ಮೂವತ್ತು ವರ್ಷದಿಂದ ಮುಚ್ಚಳ ಹಾಕ್ತಾ ಇದ್ದೆ ಸ್ವಾಮಿ. ಮುಚ್ಚಳ ತೆಗೆದಿದ್ದು ಇವತ್ತೇ.”

ಗುಂಗುರು ಕೂದಲಿನ ಹುಡುಗಿ ಐದು ವಾರ ಪತ್ತೆಯಿರಲಿಲ್ಲ. ಆರನೆಯ ವಾರ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತಳು.

“ಗೈಡಿಗೆ ಹೇಳಿದೆ ಅಕ್ಕಾ. ತುಂಬಾ ಬೈದ್ರು. ಆಮೇಲೆ ಆರು ತಿಂಗಳು ಟೈಮ್ ಕೊಟ್ರು. ಆರೂ ಕಿತ್ತು ಹಾಕ್ಬಿಟ್ಟೆ.”

“ಒಳಗೆ ಬಾ. ನಿಂತ್ಕೊಂಡೇ ಮಾತಾಡ್ಬೇಡ.”

“ನಿಮಗೆ ಏನೇನೋ ಅಂದುಬಿಟ್ಟೆ ಅವತ್ತು.”

“ಅಂದಿದ್ದು ಸರಿಯಾಗೇ ಇತ್ತಲ್ಲ” ಎಂದಳು ಟೈಪಕ್ಕ. ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದಳು. ನೋಟ್‌ಬುಕ್ಕಿನಲ್ಲಿದ್ದ ವಿಳಾಸ, ಮೇಡಂ ಬರೆದುಕೊಟ್ಟಿದ್ದರು. ನಲವತ್ತೊಂದನೆಯ ಕನಸು ಹೇಳಿದಾಕೆ ಬದುಕಿದ್ದರೆ ಈಗ ಎಪ್ಪತ್ತನಾಲ್ಕು. “ಒಂದ್ಸಲ ಆಕೆ ಮುಖ ನೋಡ್ಬೇಕು ನಂಗೆ. ಬರ್ತೀಯಾ?”

ಹಳೆಯ ವಿಳಾಸದಲ್ಲಿ ಬೇರೆ ಯಾರೋ ಇದ್ದರು. ಅವರು ತೋರಿಸಿದ ಕಡೆಗೆ ಹೋಗಿ, ಅಲ್ಲಿಂದ ಇನ್ನೊಬ್ಬರು ತೋರಿಸಿದ ಕಡೆಗೆ ಹೋಗಿ, ನೀರಿನ ಟ್ಯಾಂಕಿನ ಹಿಂದಿನ ಸಾಲುಮನೆಗಳಲ್ಲಿ ಕೊನೆಯದನ್ನು ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಮಗಳ ಮನೆಯ ಕಿಟಕಿಯ ಪಕ್ಕದಲ್ಲಿ ಮುದುಕಿ ಮೊಮ್ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಇಬ್ಬರನ್ನೂ ಮಂಚದ ಮೇಲೆ ಕೂರಿಸಿದಳು. ಟೈಪಕ್ಕ ಪೆನ್ಸಿಲಿನ ಕನಸನ್ನು ಓದಿ ಹೇಳಿದಳು. ತಾನು ಮಾಡಿದ್ದನ್ನೂ ಹೇಳಿ ಕೈ ಮುಗಿದಳು.

ಮುದುಕಿ ದಾರ ಕಡಿದಳು. “ನಾನು ಹೀಗಂದಿದ್ನಾ? ಜ್ಞಾಪಕ ಇಲ್ಲ ತಾಯಿ. ಆದ್ರೆ ಆ ಮೆಟ್ಟಿಲು ಇದ್ವು ನೋಡು, ನಲವತ್ತೆರಡು ಮೆಟ್ಟಿಲು. ಅದು ನಿಜ.” ಸೂಜಿಗೆ ಹೊಸ ದಾರ ಪೋಣಿಸಿದಳು. “ನಿನ್ನ ಕನಸು ಹಾಕಿದ್ಯಾ ಅಲ್ಲಿ? ಏನಿತ್ತು ಅದ್ರಲ್ಲಿ?”

ಟೈಪಕ್ಕ ಹೇಳಿದಳು. ಮುದುಕಿ ಸೂಜಿ ಕೆಳಗಿಟ್ಟು ಟೈಪಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡು, ತಿರುಗಿಸಿ ನೋಡಿ, ಮತ್ತೆ ಅವಳ ಮಡಿಲಲ್ಲಿ ಇಟ್ಟಳು.

“ಅಜ್ಜಿ, ಈಗ ಏನು ಕನಸು ಬೀಳುತ್ತೆ ನಿಮಗೆ?” ಎಂದು ಹುಡುಗಿ ಮೆಲ್ಲಗೆ ಕೇಳಿದಳು. “ಹೇಳಿದ್ರೆ ಬರ್ಕೋತೀನಿ. ಬೇಡ ಅಂದ್ರೆ ಬರೆಯಲ್ಲ.”

“ಈಗೇನು, ಚಿಕ್ಕ ಚಿಕ್ಕವು. ಮೊನ್ನೆ ಯಾರೋ ಕಿಟಕಿಯಿಂದ ನೂಲಿನ ತುದಿ ಕೊಟ್ರು. ಹಿಡ್ಕೊಂಡಿರು, ಬಂದೆ ಅಂದ್ರು. ಹಿಡ್ಕೊಂಡೇ ಇದ್ದೆ. ಬರ್ಲೇ ಇಲ್ಲ. ಅದು ಎಳೆದ ಹಾಗಾಗುತ್ತೆ, ಸಡಿಲ ಆಗುತ್ತೆ. ಆ ಕಡೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತೆ, ಅಷ್ಟೇ. ಬೆಳಿಗ್ಗೆ ಎದ್ರೆ ಮುಷ್ಟಿ ಬಿಗಿಯಾಗಿತ್ತು.”

ಹುಡುಗಿ ಬರೆದುಕೊಂಡಳು. ಪೆನ್ನು ನಿಂತಾಗ ಮುದುಕಿ, “ಏನು ಬರ್ದೆ, ಓದು” ಎಂದಳು. ಹುಡುಗಿ ಓದಿದಳು. ಕೊನೆಯಲ್ಲಿ ‘ನನಗೆ ತುಂಬ ಹೆದರಿಕೆಯಾಯಿತು’ ಎಂಬ ಮಾತಿತ್ತು.

“ಹೆದರಿಕೆ ಅಂತ ಯಾವಾಗ ಅಂದೆ ನಾನು?”

“ಅಂದಿಲ್ಲ ಅಜ್ಜಿ. ನಾನೇ… ಹಾಗೆ ಅನ್ನಿಸ್ತು.”

“ನಿಂಗೆ ಅನ್ನಿಸಿದ್ದು ನಿಂದು. ಅದನ್ನ ಬೇರೆ ಕಡೆ ಬರ್ಕೋ.”

ಹುಡುಗಿ ಆ ಸಾಲನ್ನು ಹೊಡೆದುಹಾಕಿದಳು. ಹೊರಗೆ ಟ್ಯಾಂಕು ತುಂಬಿ ನೀರು ಅಂಚಿನಿಂದ ಸಣ್ಣಗೆ ಸುರಿಯುತ್ತಿತ್ತು. ಇಬ್ಬರೂ ಎದ್ದು ಹೊರಡುವಾಗ ಮುದುಕಿ ಗುಂಡಿಯ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಿದ್ದಳು.

ಹುಡುಗಿಯ ಪ್ರಬಂಧ ಈ ವರ್ಷ ನಲವತ್ತೈದು ಕನಸುಗಳೊಡನೆ ಹೋಯಿತು. ಐವತ್ತೇಕಿಲ್ಲ ಎಂದು ಪರೀಕ್ಷಕರು ಕೇಳಿದರಂತೆ. ಸಿಕ್ಕಿದ್ದು ಇಷ್ಟೇ, ಇಂತಿಂಥವರು ಊರು ಬಿಟ್ಟಿದ್ದಾರೆ, ಇಂತಿಂಥವರು ತೀರಿಕೊಂಡಿದ್ದಾರೆ ಎಂದು ಹುಡುಗಿ ಪಟ್ಟಿ ಕೊಟ್ಟಳಂತೆ. ಮೇಡಂ ಪ್ರಬಂಧದ ಎರಡು ಕನಸುಗಳನ್ನು ಅವಳು ಚರ್ಚೆಗೆ ತೆಗೆದುಕೊಂಡಿದ್ದಳು. ಈ ಸಲ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಕೆಳಗೆ ಯಾರ ಪ್ರಬಂಧ, ಯಾವ ವರ್ಷ, ಎಷ್ಟನೆಯ ಪುಟ ಎಂದು ಬರೆದಿದ್ದಳು. ಪದವಿ ಸಿಕ್ಕಿತು.

ಟೈಪಕ್ಕ ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಮಧ್ಯಾಹ್ನದ ಚಹಾವನ್ನು ಕಿಟಕಿಯ ಹತ್ತಿರ ಹೋಗಿ ನಿಂತು ಕುಡಿಯುತ್ತಾಳೆ. ಹಸ್ತಪ್ರತಿಯಲ್ಲಿ ಓದಲಾಗದ ಮಾತು ಬಂದರೆ ಅಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು, ಹಸ್ತಪ್ರತಿಯ ಆ ಮಾತಿಗೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಬರೆದವರು ಬರಲಿ ಎಂದು ಕಾಯುತ್ತಾಳೆ.